ವಿದೇಶದ ಅಂಚೆ ವಿಳಾಸ: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳು ಹೊರದೇಶದಲ್ಲಿ ನೆಲೆಸಿರುವ ಹಿರಿಯರು, ಕಾಫಿ ಪುಡಿಯನ್ನೂ ಕರಿಮೆಣಸನ್ನೂ ಸಣ್ಣ ಪಾರ್ಸೆಲ್‌ಗಳಲ್ಲಿ ಕಳುಹಿಸುವ ಬೆಳೆಗಾರರು, ಅತಿಥಿಗಳು ಮರೆತು ಬಿಟ್ಟುಹೋದ ವಸ್ತುಗಳನ್ನು ಹಿಂದಿರುಗಿಸಬೇಕಾದ ಹೋಂಸ್ಟೇ ಮಾಲೀಕರು, ಈಚೆಗೆ ಸ್ವಂತ ಜಾಲತಾಣದ ಮೂಲಕ ಮಾರಾಟಕ್ಕೆ ಇಳಿದಿರುವ ಯುವಕರು ಮಾತಿನಲ್ಲೂ ಪತ್ರದಲ್ಲೂ ಮರಳಿ ಮರಳಿ ಕೇಳಿದ ಪ್ರಶ್ನೆಗಳು ಇಲ್ಲಿವೆ. ಓದುವ ಅನುಕೂಲಕ್ಕಾಗಿ ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲೇ ಕೊಡಲಾಗಿದೆ. ಲಕೋಟೆಯ ಮೇಲೆ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು.

## ಲಕೋಟೆಯ ಮೇಲೆ

ವಿದೇಶಕ್ಕೆ ಕಳುಹಿಸುವ ಕವರಿನ ಮೇಲೆ ಯಾವುದನ್ನು ಎಲ್ಲಿ ಬರೆಯಬೇಕು?

ಪಡೆಯುವವರ ವಿಳಾಸವನ್ನು ಲಕೋಟೆಯ ಉದ್ದಕ್ಕೆ ಸಮಾನಾಂತರವಾಗಿ, ಬಲಭಾಗದ ಕೆಳ ಅರ್ಧದಲ್ಲಿ ಬರೆಯಬೇಕು. ಕಳುಹಿಸುವವರ ವಿಳಾಸವನ್ನು ಅದೇ ಮುಖದ ಎಡ ಮೇಲ್ಮೂಲೆಯಲ್ಲಿ ಸಣ್ಣದಾಗಿ ಬರೆಯಬೇಕು. ಬಲ ಮೇಲ್ಮೂಲೆ ಅಂಚೆಚೀಟಿಗೆ ಮೀಸಲು. ಎರಡೂ ವಿಳಾಸಗಳನ್ನು ಒಂದೇ ಗಾತ್ರದ ಅಕ್ಷರಗಳಲ್ಲಿ ಅಕ್ಕಪಕ್ಕ ಬರೆದರೆ ಯಂತ್ರವು ಯಾವುದನ್ನು ಓದಬೇಕೆಂದು ತಿಳಿಯದೆ ಲಕೋಟೆ ಊರಿಗೇ ತಿರುಗಿ ಬರುವ ಸಂಭವವಿದೆ.

ವಿಳಾಸದ ಕಟ್ಟಳೆಯನ್ನು ಅರ್ಥ ಮಾಡಿಕೊಳ್ಳಲು ಒಂದು ಸಂಗತಿ ನೆನಪಿದ್ದರೆ ಸಾಕು. ದೇಶದ ಹೆಸರಿರುವ ಕೊನೆಯ ಸಾಲನ್ನು ಓದುವವರು ನಮ್ಮ ಅಂಚೆಯವರು. ಅದರ ಮೇಲಿನ ಸಾಲುಗಳನ್ನೆಲ್ಲ ಓದುವವರು ಆ ದೇಶದ ಅಂಚೆಯವರು. ಆದುದರಿಂದ ದೇಶದ ಹೆಸರು ಇಂಗ್ಲಿಷಿನಲ್ಲಿ, ದೊಡ್ಡಕ್ಷರಗಳಲ್ಲಿ, ಒಂಟಿಯಾಗಿ ಕೊನೆಯ ಸಾಲಿನಲ್ಲಿರಬೇಕು. ಉಳಿದ ಸಾಲುಗಳು ಆ ದೇಶದವರು ತಮ್ಮೊಳಗೆ ಬರೆದುಕೊಳ್ಳುವ ಕ್ರಮದಲ್ಲಿಯೇ ಇರಬೇಕು. ನಮ್ಮ ರೂಢಿಯಂತೆ ಅದನ್ನು ತಿದ್ದಿ, ಜಿಲ್ಲೆ ಸೇರಿಸಿ, ಕೋಡನ್ನು ಕೊನೆಗೆ ಸರಿಸಿ ‘ಸರಿಪಡಿಸುವುದೇ’ ಹೆಚ್ಚಿನ ತೊಂದರೆಗಳಿಗೆ ಮೂಲ.

ಕೊಡಗಿನ ಮಳೆಗಾಲಕ್ಕೆ ಒಂದು ಮಾತು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೆಲ್ ಪೆನ್ನಿನಲ್ಲಿ ಬರೆದ ವಿಳಾಸ ಮಡಿಕೇರಿ ದಾಟುವ ಮೊದಲೇ ಕಲೆಸಿಹೋಗಬಹುದು. ಬಾಲ್‌ಪೆನ್ ಅಥವಾ ನೀರಿಗೆ ಅಳಿಸದ ಮಾರ್ಕರ್ ಬಳಸಿ, ಪಾರ್ಸೆಲ್ ಆದರೆ ವಿಳಾಸದ ಇನ್ನೊಂದು ಪ್ರತಿಯನ್ನು ಒಳಗೂ ಇಡುವುದು ಒಳ್ಳೆಯದು.

ಕನ್ನಡದಲ್ಲಿ ವಿಳಾಸ ಬರೆದರೆ ಹೋಗುವುದಿಲ್ಲವೇ?

ದೇಶದೊಳಗೆ ಹೋಗುತ್ತದೆ, ಹೊರಗೆ ಹೋಗುವುದಿಲ್ಲ ಎಂದೇ ತಿಳಿಯಬೇಕು. 1874ರ ಬರ್ನ್ ಒಪ್ಪಂದದಿಂದ ಹುಟ್ಟಿದ ವಿಶ್ವ ಅಂಚೆ ಒಕ್ಕೂಟದ ನಿಯಮದಂತೆ ಅಂತಾರಾಷ್ಟ್ರೀಯ ಅಂಚೆಯ ವಿಳಾಸವು ರೋಮನ್ ಅಕ್ಷರಗಳಲ್ಲಿ ಮತ್ತು 1, 2, 3 ಎಂಬ ಅಂಕಿಗಳಲ್ಲಿ ಇರಬೇಕು. ಭಾರತ 1876ರಿಂದಲೇ ಈ ಒಕ್ಕೂಟದ ಸದಸ್ಯ ದೇಶ. ತಲುಪುವ ದೇಶದ ಲಿಪಿ ಬೇರೆಯಾಗಿದ್ದರೆ, ಉದಾಹರಣೆಗೆ ಜಪಾನ್, ಚೀನಾ ಅಥವಾ ಅರಬ್ ದೇಶಗಳಾದರೆ, ಆ ಲಿಪಿಯ ವಿಳಾಸವನ್ನೂ ಜೊತೆಗೆ ಅಂಟಿಸಬಹುದು. ಅಲ್ಲಿನ ಪೋಸ್ಟ್‌ಮ್ಯಾನ್‌ಗೆ ಅದು ಉಪಕಾರವೇ. ಪತ್ರದ ಒಳಗೆ ಕನ್ನಡ ಬರೆಯಲು ಯಾವ ಅಡ್ಡಿಯೂ ಇಲ್ಲ.

ರಾಜ್ಯದ ಹೆಸರಿದೆಯಲ್ಲ, ದೇಶದ ಹೆಸರನ್ನು ಪೂರ್ತಿ ಬರೆಯಲೇಬೇಕೇ?

ಬರೆಯಲೇಬೇಕು. ಜಾರ್ಜಿಯಾ ಅಮೆರಿಕದ ಒಂದು ರಾಜ್ಯವೂ ಹೌದು, ಕಪ್ಪು ಸಮುದ್ರದ ಪಕ್ಕದ ಒಂದು ದೇಶವೂ ಹೌದು. ‘ಸಿಎ’ ಎಂಬ ಎರಡಕ್ಷರ ಅಮೆರಿಕದೊಳಗೆ ಕ್ಯಾಲಿಫೋರ್ನಿಯಾ, ದೇಶಗಳ ಸಂಕೇತಪಟ್ಟಿಯಲ್ಲಿ ಕೆನಡಾ. ಆಸ್ಟ್ರಿಯಾ ಮತ್ತು ಆಸ್ಟ್ರೇಲಿಯಾ ಅವಸರದ ಕೈಬರಹದಲ್ಲಿ ಒಂದೇ ಆಗಿ ಕಾಣುತ್ತವೆ.

ದುಬೈನಲ್ಲಿರುವ ತಮ್ಮ ತನ್ನ ವಿಳಾಸಕ್ಕೆ ಪಿನ್ ಕೋಡೇ ಇಲ್ಲ ಎನ್ನುತ್ತಾನೆ. ಅವನಿಗೆ ಗೊತ್ತಿಲ್ಲವೋ, ನಿಜವಾಗಿಯೂ ಇಲ್ಲವೋ?

ನಿಜವಾಗಿಯೂ ಇಲ್ಲ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ನಮ್ಮ ಪಿನ್ ಕೋಡಿನಂತಹ ಸಂಖ್ಯೆ ಬಳಕೆಯಲ್ಲಿಲ್ಲ. ಅಂಚೆ ಪೋಸ್ಟ್ ಬಾಕ್ಸ್ ಸಂಖ್ಯೆಗೆ ಹೋಗುತ್ತದೆ. ಕೆಲಸಕ್ಕೆ ಹೋದವರಲ್ಲಿ ಹೆಚ್ಚಿನವರು ಕಂಪನಿಯ ಬಾಕ್ಸನ್ನೇ ಬಳಸುತ್ತಾರೆ. ಆದುದರಿಂದ ಮೊದಲ ಸಾಲಿನಲ್ಲಿ ವ್ಯಕ್ತಿಯ ಹೆಸರು, ಎರಡನೆಯದರಲ್ಲಿ ಕಂಪನಿಯ ಹೆಸರು, ಮೂರನೆಯದರಲ್ಲಿ ಬಾಕ್ಸ್ ಸಂಖ್ಯೆ, ಆಮೇಲೆ ಎಮಿರೇಟ್, ಕೊನೆಗೆ ದೇಶ. ಮೊಬೈಲ್ ಸಂಖ್ಯೆಯನ್ನು 971 ಎಂಬ ದೇಶದ ಸಂಖ್ಯೆಯೊಡನೆ ಬರೆಯಬೇಕು. ಹಾಂಗ್‌ಕಾಂಗ್‌ಗೂ ಕೋಡಿಲ್ಲ. ಐರ್ಲೆಂಡಿಗೆ ದೇಶವ್ಯಾಪಿ ಕೋಡ್ ಬಂದದ್ದು 2015ರಲ್ಲಿ. ಅದಕ್ಕಿಂತ ಹಳೆಯ ಡೈರಿಯಲ್ಲಿ ಅದು ಕಾಣಿಸದಿದ್ದರೆ ಅಚ್ಚರಿಪಡಬೇಕಾಗಿಲ್ಲ, ಆದರೆ ಹೊಸದಾಗಿ ಕೇಳಿ ಬರೆದುಕೊಳ್ಳಬೇಕು.

ಜಾಲತಾಣದ ಫಾರಂ ಕೋಡನ್ನು ಒತ್ತಾಯಿಸಿದಾಗ ಕೆಲವರು ಆರು ಸೊನ್ನೆಗಳನ್ನು ತುಂಬುತ್ತಾರೆ, ಇನ್ನು ಕೆಲವರು ತಮ್ಮ ಊರಿನ ಪಿನ್ ಕೋಡನ್ನೇ ತುಂಬುತ್ತಾರೆ. ಎರಡನೆಯದು ಅಪಾಯಕಾರಿ. ದುಬೈ ಎಂದು ಬರೆದು ಕೆಳಗೆ 571201 ಎಂದು ಹಾಕಿದ ಪಾರ್ಸೆಲ್ ಮಡಿಕೇರಿಯ ಕಡೆಗೇ ಮುಖ ಮಾಡಿದರೆ ಯಂತ್ರವನ್ನು ದೂರುವಂತಿಲ್ಲ.

## ದೇಶದಿಂದ ದೇಶಕ್ಕೆ ಬದಲಾಗುವ ಕ್ರಮ

ಅಮೆರಿಕದ ವಿಳಾಸವನ್ನು ಸರಿಯಾಗಿ ಬರೆಯುವುದು ಹೇಗೆ? ಮಗಳು ವಾಟ್ಸಾಪ್‌ನಲ್ಲಿ ಒಂದೇ ಸಾಲಿನಲ್ಲಿ ಕಳುಹಿಸಿದ್ದಾಳೆ.

ಒಂದೇ ಸಾಲನ್ನು ನಾಲ್ಕಾಗಿ ಒಡೆಯಬೇಕು: ಹೆಸರು; ಮನೆ ಸಂಖ್ಯೆ ಮತ್ತು ರಸ್ತೆ; ಊರು, ರಾಜ್ಯದ ಎರಡಕ್ಷರ ಮತ್ತು ಜಿಪ್ ಕೋಡ್; ದೇಶ. ಎಲ್ಲರಿಗೂ ತಿಳಿದಿರುವ ವಿಳಾಸವನ್ನೇ ತೆಗೆದುಕೊಂಡರೆ ಹೀಗಿರುತ್ತದೆ:

ದ ವೈಟ್ ಹೌಸ್
1600 ಪೆನ್ಸಿಲ್ವೇನಿಯಾ ಅವೆನ್ಯೂ ಎನ್‌ಡಬ್ಲ್ಯೂ
ವಾಷಿಂಗ್ಟನ್ ಡಿಸಿ 20500
ಯುಎಸ್ಎ

ರಸ್ತೆಯ ಹೆಸರಿನ ಹಿಂದೆ ಅಥವಾ ಮುಂದೆ ಬರುವ ದಿಕ್ಕಿನ ಅಕ್ಷರಗಳನ್ನು ಅನಗತ್ಯವೆಂದು ಬಿಡಬಾರದು. ವಾಷಿಂಗ್ಟನ್ನಿನಲ್ಲಿ ಒಂದೇ ಹೆಸರಿನ ರಸ್ತೆ ಬೇರೆ ಬೇರೆ ದಿಕ್ಕಿನ ಭಾಗಗಳಲ್ಲಿರುತ್ತದೆ. ಅಪಾರ್ಟ್‌ಮೆಂಟಿನ ಸಂಖ್ಯೆ ರಸ್ತೆಯ ಸಾಲಿನಲ್ಲಿಯೇ ಕೊನೆಗೆ ಬರುತ್ತದೆ, ಇದನ್ನು ಬಿಟ್ಟರೆ ನೂರಾರು ಮನೆಗಳ ಕಟ್ಟಡದ ಬಾಗಿಲಿನಿಂದ ಪಾರ್ಸೆಲ್ ಹಿಂದಿರುಗುತ್ತದೆ. ಜಿಪ್ ಕೋಡ್ 1963ರಲ್ಲಿ ಐದಂಕಿಯಾಗಿ ಬಂತು. 1983ರಲ್ಲಿ ಅಡ್ಡಗೆರೆಯ ನಂತರ ಇನ್ನೂ ನಾಲ್ಕು ಅಂಕಿ ಸೇರಿದವು. ಆ ನಾಲ್ಕು ಗೊತ್ತಿದ್ದರೆ ಬರೆಯಬಹುದು, ಗೊತ್ತಿಲ್ಲದಿದ್ದರೆ ಐದೇ ಸಾಕು. ಊಹಿಸಿ ಬರೆಯುವುದು ಮಾತ್ರ ಬೇಡ.

ಇಂಗ್ಲೆಂಡ್, ಜರ್ಮನಿ, ಜಪಾನ್ ಇವೆಲ್ಲ ಒಂದೊಂದು ರೀತಿ ಬರೆಯುತ್ತವಂತೆ. ವ್ಯತ್ಯಾಸವೇನು?

ಬ್ರಿಟನ್ನಿನಲ್ಲಿ ಊರಿನ ಹೆಸರು ದೊಡ್ಡಕ್ಷರಗಳಲ್ಲಿ, ಪೋಸ್ಟ್‌ಕೋಡ್ ಅದರ ಕೆಳಗೆ ಬೇರೆಯೇ ಸಾಲಿನಲ್ಲಿರುತ್ತದೆ. ಅಲ್ಲಿನ ಪ್ರಧಾನಿಯ ನಿವಾಸದ ಕೋಡ್ ‘ಎಸ್‌ಡಬ್ಲ್ಯೂ1ಎ 2ಎಎ’. ನಡುವಿನ ಒಂದು ಜಾಗ ಅಲಂಕಾರಕ್ಕಲ್ಲ: ಮೊದಲ ಭಾಗ ಪ್ರದೇಶವನ್ನು, ಎರಡನೆಯ ಭಾಗ ಕೆಲವೇ ಮನೆಗಳ ಗುಂಪನ್ನು ಸೂಚಿಸುತ್ತದೆ. ಕೌಂಟಿಯ ಹೆಸರು ಈಗ ಬೇಕಾಗಿಲ್ಲ.

ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನಲ್ಲಿ ರಸ್ತೆಯ ಹೆಸರಿನ ನಂತರ ಮನೆ ಸಂಖ್ಯೆ, ಊರಿನ ಹೆಸರಿಗಿಂತ ಮೊದಲು ಕೋಡ್. ವಿಶ್ವ ಅಂಚೆ ಒಕ್ಕೂಟದ ಕಚೇರಿಯ ವಿಳಾಸವೇ ‘ವೆಲ್ಟ್‌ಪೋಸ್ಟ್‌ಸ್ಟ್ರಾಸೆ 4’, ಅದರ ಕೆಳಗೆ ‘3015 ಬರ್ನ್’ ಎಂದಿದೆ. ನಮ್ಮ ಕಣ್ಣಿಗೆ ಇದು ತಿರುಗುಮುರುಗಾಗಿ ಕಂಡರೂ ಹಾಗೆಯೇ ಬಿಡಬೇಕು. ಜರ್ಮನಿಯ ಕೋಡುಗಳು 1993ರ ಜುಲೈ 1ರಿಂದ ಐದಂಕಿಯಾಗಿವೆ; ಅದಕ್ಕೂ ಹಿಂದಿನ ನಾಲ್ಕಂಕಿಯ ಕೋಡಿರುವ ವಿಳಾಸ ನಿಮ್ಮಲ್ಲಿದ್ದರೆ ಅದನ್ನು ಹೊಸದಾಗಿ ವಿಚಾರಿಸುವುದು ಒಳಿತು.

ಜಪಾನಿನವರು ತಮ್ಮ ಲಿಪಿಯಲ್ಲಿ ಪ್ರಾಂತ್ಯದಿಂದ ಆರಂಭಿಸಿ ಮನೆಯವರೆಗೆ, ದೊಡ್ಡದರಿಂದ ಚಿಕ್ಕದಕ್ಕೆ ಬರೆಯುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಕ್ರಮ ತಲೆಕೆಳಗಾಗಿ ಹೆಸರಿನಿಂದ ಆರಂಭವಾಗುತ್ತದೆ. ಆದರೆ ‘2-11-3’ ಎಂಬಂತಹ ಸಂಖ್ಯೆಗಳ ಸರಣಿಯನ್ನು ಯಾವ ಕಾರಣಕ್ಕೂ ತಿರುಗಿಸಬಾರದು, ಏಕೆಂದರೆ ಅಲ್ಲಿ ಹೆಚ್ಚಿನ ರಸ್ತೆಗಳಿಗೆ ಹೆಸರೇ ಇರುವುದಿಲ್ಲ, ಬಡಾವಣೆಯ ವಿಭಾಗ, ಆವರಣ ಮತ್ತು ಕಟ್ಟಡಗಳನ್ನು ಆ ಸಂಖ್ಯೆಗಳೇ ಹೇಳುತ್ತವೆ. ಅಲ್ಲಿನ ಕೋಡ್ 1998ರಿಂದ ಏಳಂಕಿಯದು.

ಕೆನಡಾದ ಕೋಡಿನಲ್ಲಿ ಅಕ್ಷರವೂ ಅಂಕಿಯೂ ಒಂದರ ನಂತರ ಒಂದು ಬರುತ್ತವೆ. ಅಲ್ಲಿ ಇಂಗ್ಲಿಷಿನ ‘ಓ’ ಅಕ್ಷರವನ್ನು ಬಳಸುವುದೇ ಇಲ್ಲ. ಕೈಬರಹದಲ್ಲಿ ಗುಂಡಗೆ ಕಂಡದ್ದು ಸೊನ್ನೆಯೇ ಎಂದು ಧೈರ್ಯವಾಗಿ ಓದಬಹುದು.

## ಹೊರದೇಶದಿಂದ ಕೊಡಗಿಗೆ

ನಮ್ಮದು ತೋಟದ ನಡುವಿನ ಮನೆ. ಮನೆ ನಂಬರೂ ಇಲ್ಲ, ರಸ್ತೆಗೆ ಹೆಸರೂ ಇಲ್ಲ. ಹೊರದೇಶದ ಫಾರಂನಲ್ಲಿ ಏನು ತುಂಬಲಿ?

ಕೊಡಗಿನಲ್ಲಿ ಅಂಚೆ ತಲುಪುವುದು ಮನೆ ಸಂಖ್ಯೆಯಿಂದಲ್ಲ. ಮನೆತನದ ಹೆಸರು, ತೋಟದ ಹೆಸರು, ಗ್ರಾಮ ಮತ್ತು ಅಂಚೆ ಕಚೇರಿ ಎಂಬ ನಾಲ್ಕರಿಂದ. ಹಾಗಾಗಿ ಮೊದಲ ವಿಳಾಸ ಸಾಲಿನಲ್ಲಿ ತೋಟದ ಅಥವಾ ಮನೆಯ ಹೆಸರು, ಎರಡನೆಯ ಸಾಲಿನಲ್ಲಿ ಗ್ರಾಮ ಮತ್ತು ಶಾಖಾ ಅಂಚೆ ಕಚೇರಿಯ ಹೆಸರು ಬರೆಯಬೇಕು. ‘ಸಿಟಿ’ ಎಂದಿರುವಲ್ಲಿ ಪಿನ್ ಕೋಡಿಗೆ ಸೇರಿದ ಪಟ್ಟಣವನ್ನು, ಅಂದರೆ ವಿರಾಜಪೇಟೆ, ಸೋಮವಾರಪೇಟೆ, ಗೋಣಿಕೊಪ್ಪಲು ಇತ್ಯಾದಿಗಳಲ್ಲಿ ಒಂದನ್ನು ಬರೆಯಬೇಕು. ಜಿಲ್ಲೆಗೆ ಪ್ರತ್ಯೇಕ ಸ್ಥಳವಿಲ್ಲದಿದ್ದರೆ ಎರಡನೆಯ ಸಾಲಿನ ಕೊನೆಗೆ ಸೇರಿಸಬಹುದು. ಮನೆ ಸಂಖ್ಯೆ ಕಡ್ಡಾಯವೆಂದು ಫಾರಂ ಹಟ ಹಿಡಿದರೆ ಗ್ರಾಮ ಪಂಚಾಯಿತಿಯ ಆಸ್ತಿ ಸಂಖ್ಯೆಯನ್ನು ಕೊಡಬಹುದು. ಸುಳ್ಳು ಸಂಖ್ಯೆ ಕೊಡುವುದಕ್ಕಿಂತ ಅದು ಮೇಲು.

‘ಬಸ್‌ ಸ್ಟ್ಯಾಂಡ್ ಹಿಂದೆ’, ‘ಅಕ್ಕಿ ಗಿರಣಿ ಎದುರು’ ಎಂಬ ಗುರುತುಗಳು ಉಪಯುಕ್ತವೇ, ಆದರೆ ಅವು ಗ್ರಾಮದ ಹೆಸರನ್ನು ಲೇಬಲ್‌ನಿಂದ ಹೊರಗೆ ತಳ್ಳಬಾರದು. ಹಲವು ಲೇಬಲ್‌ಗಳಲ್ಲಿ ಒಂದು ಸಾಲಿಗೆ ಸುಮಾರು 35 ಅಕ್ಷರಗಳಷ್ಟೇ ಹಿಡಿಯುತ್ತವೆ, ಮಿಕ್ಕದ್ದನ್ನು ಯಂತ್ರ ಸದ್ದಿಲ್ಲದೆ ಕತ್ತರಿಸುತ್ತದೆ. ಮೊಬೈಲ್ ಸಂಖ್ಯೆ ಇರಲೇಬೇಕು: ತೋಟದ ಗೇಟಿನಿಂದ ಮನೆ ಒಂದು ಕಿಲೋಮೀಟರ್ ದೂರವಿರುವಲ್ಲಿ ಗ್ರಾಮೀಣ ಡಾಕ್ ಸೇವಕರಿಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ.

ಪಿನ್ ಕೋಡ್ 571ರಿಂದ ಆರಂಭವಾದರೆ ಅದು ಕೊಡಗೇ ಅಲ್ಲವೇ?

ಅಲ್ಲ. ಮಡಿಕೇರಿ 571201, ಗೋಣಿಕೊಪ್ಪಲು 571213, ವಿರಾಜಪೇಟೆ 571218, ಕುಶಾಲನಗರ 571234, ಸೋಮವಾರಪೇಟೆ 571236 ಎಂಬುದು ನಿಜ. ಆದರೆ ಮಂಡ್ಯದ 571401 ಕೂಡ ಅದೇ ಮೂರಂಕಿಯಿಂದ ಆರಂಭವಾಗುತ್ತದೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಮೊದಲ ಅಂಕಿ ವಲಯವನ್ನು, ಎರಡನೆಯದು ಉಪವಲಯವನ್ನು, ಮೂರನೆಯದು ವಿಂಗಡಣೆಯ ಜಿಲ್ಲೆಯನ್ನು, ಕೊನೆಯ ಮೂರು ಬಟವಾಡೆ ಮಾಡುವ ಅಂಚೆ ಕಚೇರಿಯನ್ನು ಹೇಳುತ್ತವೆ. ವಿಂಗಡಣೆಯ ಜಿಲ್ಲೆಯೂ ಕಂದಾಯ ಜಿಲ್ಲೆಯೂ ಒಂದೇ ಅಲ್ಲ.

ಪೊನ್ನಂಪೇಟೆ ಮತ್ತು ಕುಶಾಲನಗರ ಪ್ರತ್ಯೇಕ ತಾಲ್ಲೂಕುಗಳಾದ ಮೇಲೆ ‘ನಮ್ಮ ಪಿನ್ ಬದಲಾಯಿತೇ’ ಎಂದು ಕೇಳುವವರಿಗೂ ಇದೇ ಉತ್ತರ: ತಾಲ್ಲೂಕು ಬದಲಾದರೆ ಪಿನ್ ಬದಲಾಗಬೇಕೆಂದಿಲ್ಲ, ಅದು ಅಂಚೆ ಕಚೇರಿಯನ್ನು ಹಿಡಿದುಕೊಂಡಿದೆ.

ಕೂರ್ಗ್ ಎಂದು ಬರೆಯಲೋ, ಕೊಡಗು ಎಂದೋ?

ಕೊಡಗು ಎಂದು ಬರೆಯಿರಿ. ಕೂರ್ಗ್ ಎಂದು ಬಂದ ಪತ್ರವೂ ಪಿನ್ ಸರಿಯಿದ್ದರೆ ತಲುಪುತ್ತದೆ. ಆದರೆ ಮಡಿಕೇರಿಯ ‘ಮರ್ಕೇರಾ’ ಎಂಬ ಹಳೆಯ ಹೆಸರನ್ನು ಈಗಿನ ಕಂಪ್ಯೂಟರ್ ಪಟ್ಟಿಗಳು ಗುರುತಿಸದೆ ಇರಬಹುದು. ಹೊರದೇಶದ ಹಿರಿಯ ಬಂಧುಗಳಿಗೆ ಇದನ್ನು ತಿಳಿಸಿಡುವುದು ಒಳ್ಳೆಯದು.

ನಮ್ಮಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ‘ಸರ್‌ನೇಮ್’ ಎಂದಿರುವಲ್ಲಿ ಯಾವುದನ್ನು ಹಾಕಬೇಕು?

ಕೊಡವರ ಹೆಸರಿನಲ್ಲಿ ಒಕ್ಕದ ಹೆಸರು ಮೊದಲು, ತಂದೆಯ ಹೆಸರು ನಡುವೆ, ಸ್ವಂತ ಹೆಸರು ಕೊನೆಗೆ ಬರುವುದು ಸಂಪ್ರದಾಯ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಪೂರ್ಣ ಹೆಸರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಪಾಶ್ಚಾತ್ಯ ಫಾರಂ ಕೊನೆಯ ಪದವನ್ನೇ ಕುಟುಂಬದ ಹೆಸರೆಂದು ತಿಳಿಯುತ್ತದೆ. ಅಂಚೆಯ ಮಟ್ಟಿಗೆ ಶಾಸ್ತ್ರಕ್ಕಿಂತ ಗುರುತಿನ ಚೀಟಿ ಮುಖ್ಯ: ಪಾರ್ಸೆಲ್ ಬಿಡಿಸಿಕೊಳ್ಳುವಾಗ ತೋರಿಸುವ ಆಧಾರ್ ಅಥವಾ ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಲೇಬಲ್ ಮೇಲೂ ಹಾಗೆಯೇ ಬರುವಂತೆ ತುಂಬಬೇಕು. ‘ಕೆ. ಎಂ.’ ಎಂಬ ಮೊದಲಕ್ಷರಗಳಷ್ಟೇ ಇದ್ದರೆ ಒಂದೇ ಊರಿನಲ್ಲಿ ಇಬ್ಬರು ಮೂವರು ಸಿಗುವುದು ಕೊಡಗಿನಲ್ಲಿ ಹೊಸತೇನಲ್ಲ.

ಡಿಜಿಪಿನ್ ಬಂದಿದೆಯಲ್ಲ, ಇನ್ನು ಪಿನ್ ಕೋಡ್ ಬೇಡವೇ?

ಬೇಕು. 2025ರಲ್ಲಿ ಅಂಚೆ ಇಲಾಖೆ ಬಿಡುಗಡೆ ಮಾಡಿದ ಡಿಜಿಪಿನ್ ಹತ್ತು ಅಕ್ಷರ-ಅಂಕಿಗಳ ಸಂಕೇತ. ಸುಮಾರು ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಚೌಕವೊಂದನ್ನು ಅದು ಗುರುತಿಸುತ್ತದೆ. ಸಂಖ್ಯೆಯಿಲ್ಲದ ತೋಟದ ಮನೆಗಳಿಗೆ ಇದು ಮುಂದೆ ತುಂಬ ಉಪಯೋಗಕ್ಕೆ ಬರಬಹುದೆಂಬುದು ನನ್ನ ಅಭಿಪ್ರಾಯ. ಆದರೆ ಹೊರದೇಶದ ಯಂತ್ರ ಓದುವುದು ಪಿನ್ ಕೋಡನ್ನೇ. ಡಿಜಿಪಿನ್ ಅನ್ನು ಹೆಚ್ಚುವರಿ ಗುರುತಾಗಿ ವಿಳಾಸದ ಸಾಲಿನಲ್ಲಿ ಬರೆಯಬಹುದು, ಪಿನ್ ಕೋಡಿನ ಜಾಗದಲ್ಲಿ ಬರೆಯಬಾರದು.

## ಪಟ್ಟಿ, ಫಾರಂ ಮತ್ತು ಪರಿಶೀಲನೆ

ಗ್ರಾಹಕರ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದರೆ ಬಾಸ್ಟನ್ನಿನ ಕೋಡು ನಾಲ್ಕೇ ಅಂಕಿಯಾಗಿದೆ. ಒಂದು ಅಂಕಿ ಎಲ್ಲಿ ಹೋಯಿತು?

ಮೊದಲಿನ ಸೊನ್ನೆ ಹೋಯಿತು. ಮ್ಯಾಸಚೂಸೆಟ್ಸ್, ನ್ಯೂಜೆರ್ಸಿ, ಕನೆಕ್ಟಿಕಟ್ ರಾಜ್ಯಗಳ ಜಿಪ್ ಕೋಡ್ ಸೊನ್ನೆಯಿಂದ ಆರಂಭವಾಗುತ್ತದೆ. 02108 ಎಂಬುದನ್ನು ಸಂಖ್ಯೆಯೆಂದು ಭಾವಿಸಿದ ಎಕ್ಸೆಲ್ ಅದನ್ನು 2108 ಮಾಡುತ್ತದೆ. ಕೋಡನ್ನು ಯಾರೂ ಕೂಡುವುದಿಲ್ಲ, ಗುಣಿಸುವುದೂ ಇಲ್ಲ. ಆದುದರಿಂದ ಆ ಅಂಕಣವನ್ನು ದತ್ತಾಂಶ ತುಂಬುವ ಮೊದಲೇ ‘ಟೆಕ್ಸ್ಟ್’ ಎಂದು ಗೊತ್ತುಮಾಡಬೇಕು. ಆಸ್ಟ್ರೇಲಿಯಾದ ಡಾರ್ವಿನ್ ನಗರದ 0800ಕ್ಕೂ ಇದೇ ಗತಿ. ಕಸ್ಟಮ್ಸ್ ಫಾರಂನಲ್ಲಿ ಬರೆಯುವ ಸರಕಿನ ಸಂಕೇತಗಳಲ್ಲಿ ಕಾಫಿಯ 0901, ಮೆಣಸಿನ 0904, ಏಲಕ್ಕಿಯ 0908 ಕೂಡ ಹೀಗೆಯೇ ತಲೆ ಕಳೆದುಕೊಳ್ಳುತ್ತವೆ.

ನಮ್ಮ ಕಾಫಿ ಮಾರಾಟದ ಜಾಲತಾಣಕ್ಕೆ ವಿಳಾಸದ ಫಾರಂ ಮಾಡಿಸುತ್ತಿದ್ದೇವೆ. ಏನೇನು ಇರಬೇಕು?

ದೇಶವನ್ನು ಮೊದಲು ಕೇಳಬೇಕು, ಉಳಿದದ್ದು ಅದರ ಮೇಲೆ ನಿಲ್ಲಬೇಕು. ಭಾರತದ ಗ್ರಾಹಕರಿಗಾಗಿ ಮಾಡಿದ ಫಾರಂ ಸಿಂಗಪುರದವರಿಂದ ರಾಜ್ಯವನ್ನು, ದುಬೈಯವರಿಂದ ಪಿನ್ ಕೋಡನ್ನು ಕೇಳುತ್ತದೆ; ಇಲ್ಲದ್ದನ್ನು ಕಡ್ಡಾಯವಾಗಿ ಕೇಳಿದರೆ ಜನ ಸುಳ್ಳನ್ನು ತುಂಬುತ್ತಾರೆ, ಆ ಸುಳ್ಳು ಲೇಬಲ್ ಮೇಲೆ ಅಚ್ಚಾಗುತ್ತದೆ. ಹೆಸರಿಗೆ ಒಂದೇ ಸ್ಥಳ, ವಿಳಾಸಕ್ಕೆ ಮೂರು ಬಿಡಿ ಸಾಲು, ಊರು, ದೇಶಕ್ಕೆ ತಕ್ಕಂತೆ ರಾಜ್ಯ ಮತ್ತು ಕೋಡ್, ದೇಶದ ಸಂಖ್ಯೆಯೊಡನೆ ಫೋನ್: ಇಷ್ಟು ಸಾಕು.

ಒಳಗೆ ಸಂಗ್ರಹಿಸುವಾಗ ದೇಶವನ್ನು ಐಎಸ್ಒ 3166 ಎಂಬ ಅಂತಾರಾಷ್ಟ್ರೀಯ ದೇಶಸಂಕೇತ ಪಟ್ಟಿಯ ಎರಡಕ್ಷರದ ಸಂಕೇತವಾಗಿ ಇಟ್ಟುಕೊಳ್ಳಬೇಕು. ಬ್ರಿಟನ್ನಿಗೆ ಅದರಲ್ಲಿ ‘ಜಿಬಿ’, ‘ಯುಕೆ’ ಅಲ್ಲ, ಸ್ವಿಟ್ಜರ್ಲೆಂಡಿಗೆ ‘ಸಿಎಚ್’, ಆಸ್ಟ್ರಿಯಾಕ್ಕೆ ‘ಎಟಿ’, ಆಸ್ಟ್ರೇಲಿಯಾಕ್ಕೆ ‘ಎಯು’. ಮೇಲೆ ಚುಕ್ಕಿಯಿರುವ ಜರ್ಮನ್ ಅಕ್ಷರಗಳನ್ನೂ ಪೋಲಿಷ್ ಅಕ್ಷರಗಳನ್ನೂ ತಪ್ಪೆಂದು ತಿರಸ್ಕರಿಸಬಾರದು. ಗ್ರಾಹಕರು ಬರೆದುದನ್ನು ಹಾಗೆಯೇ ಒಂದು ಕಡೆ ಉಳಿಸಿ, ತಿದ್ದಿದ ರೂಪವನ್ನು ಬೇರೆಯಾಗಿ ಇಡುವುದು ಜಾಣತನ. ತಿದ್ದುಪಡಿ ಕೆಟ್ಟಾಗ ಮೂಲವೇ ಇಲ್ಲದಿದ್ದರೆ ಮಾಡಲು ಏನೂ ಉಳಿಯುವುದಿಲ್ಲ. ಯಾವ ದೇಶಕ್ಕೆ ಯಾವ ಸಾಲು ಬೇಕೆಂಬ ಪಟ್ಟಿಯನ್ನು ಸ್ವತಃ ಕಟ್ಟುವ ಅಗತ್ಯವಿಲ್ಲ: ಗೂಗಲ್ ಮುಕ್ತವಾಗಿ ಕೊಟ್ಟಿರುವ ಲಿಬ್‌ಅಡ್ರೆಸ್‌ಇನ್‌ಪುಟ್ ಎಂಬ ತಂತ್ರಾಂಶದಲ್ಲಿ ಅದು ಸಿಗುತ್ತದೆ.

ಕೋಡಿನ ಅಂಕಿಗಳನ್ನು ಎಣಿಸಿ ನೋಡಿದರೆ ವಿಳಾಸ ಸರಿಯಿದೆ ಎಂದು ಹೇಳಬಹುದೇ?

ಪರಿಶೀಲನೆಗೆ ಮೂರು ಮೆಟ್ಟಿಲುಗಳಿವೆ. ಎಣಿಕೆ ಮೊದಲನೆಯದು ಮಾತ್ರ. ಭಾರತದ ಪಿನ್ ಆರಂಕಿಯದು, ಸೊನ್ನೆಯಿಂದ ಆರಂಭವಾಗುವುದಿಲ್ಲ. ಆದರೆ ಸಿಂಗಪುರ ಮತ್ತು ಚೀನಾದ ಕೋಡುಗಳೂ ಆರಂಕಿಯವೇ. ಅಮೆರಿಕ, ಜರ್ಮನಿ, ಫ್ರಾನ್ಸ್, ಮಲೇಷ್ಯಾಗಳೆಲ್ಲ ಐದಂಕಿ. ಆಸ್ಟ್ರೇಲಿಯಾ, ಸ್ವಿಟ್ಜರ್ಲೆಂಡ್, ಬೆಲ್ಜಿಯಂ ನಾಲ್ಕಂಕಿ. ದೇಶ ತಪ್ಪಾಗಿದ್ದರೂ ಎಣಿಕೆ ಒಪ್ಪುತ್ತದೆ. ಪಿನ್ ಕೋಡಿನೊಳಗೆ ತಪ್ಪನ್ನು ತಾನೇ ತೋರಿಸಿಕೊಡುವ ಪರಿಶೀಲನಾ ಅಂಕಿಯೂ ಇಲ್ಲ. 571218 ಬದಲು 571281 ಎಂದು ಅದಲುಬದಲಾದರೂ ರೂಪ ಸರಿಯಾಗಿಯೇ ಕಾಣುತ್ತದೆ.

ಎರಡನೆಯ ಮೆಟ್ಟಿಲು, ಆ ಕೋಡೂ ಊರೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ಪಟ್ಟಿಯೊಡನೆ ಹೋಲಿಸುವುದು. ಭಾರತದ ಪಿನ್ ಕೋಡ್ ಪಟ್ಟಿ ಸರ್ಕಾರದ ಮುಕ್ತ ದತ್ತಾಂಶ ತಾಣದಲ್ಲಿದೆ. ಹಲವು ದೇಶಗಳದ್ದು ಜಿಯೋನೇಮ್ಸ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮೂರನೆಯದು, ಆ ಮನೆ ಸಂಖ್ಯೆಗೆ ಅಂಚೆ ನಿಜವಾಗಿ ತಲುಪುತ್ತದೆಯೇ ಎಂಬುದು. ಇದಕ್ಕೆ ಆಯಾ ದೇಶದ ಅಂಚೆಯ ದತ್ತಾಂಶವೇ ಬೇಕು: ಬ್ರಿಟನ್ನಿನಲ್ಲಿ ರಾಯಲ್ ಮೇಲ್ ನಿರ್ವಹಿಸುವ ವಿಳಾಸ ಕಡತವಿದೆ, ಅಮೆರಿಕದ ಅಂಚೆ ಸೇವೆ ಪರಿಶೀಲನಾ ತಂತ್ರಾಂಶಗಳಿಗೆ ‘ಕ್ಯಾಸ್’ ಎಂಬ ಪ್ರಮಾಣಪತ್ರ ಕೊಡುತ್ತದೆ. ಇಷ್ಟಾದರೂ ಆ ಮನೆಯಲ್ಲಿ ಅದೇ ವ್ಯಕ್ತಿ ಇದ್ದಾರೆಯೇ ಎಂಬುದನ್ನು ಯಾವ ಪಟ್ಟಿಯೂ ಹೇಳಲಾರದು.

ತಿಂಗಳಿಗೆ ಹತ್ತಿಪ್ಪತ್ತು ಪಾರ್ಸೆಲ್ ಕಳುಹಿಸುವವರು ಹಣ ಕೊಟ್ಟು ಮೂರನೆಯ ಮೆಟ್ಟಿಲು ಹತ್ತಬೇಕಾಗಿಲ್ಲ. ಅಚ್ಚಾಗುವ ಲೇಬಲ್‌ನ ಚಿತ್ರವನ್ನು ಗ್ರಾಹಕರಿಗೇ ಕಳುಹಿಸಿ ‘ಸರಿಯೇ’ ಎಂದು ಕೇಳುವುದು ಅಗ್ಗವೂ ಹೌದು, ಹೆಚ್ಚು ನಂಬಿಕೆಗೆ ಅರ್ಹವೂ ಹೌದು. ಯಂತ್ರ ಹೊಂದಿಕೆಯಿಲ್ಲವೆಂದಾಗಲೂ ಆರ್ಡರನ್ನು ತಿರಸ್ಕರಿಸದೆ ಎಚ್ಚರಿಕೆ ತೋರಿಸಿ ಬಿಡಬೇಕು, ಏಕೆಂದರೆ ಹೊಸ ಕಟ್ಟಡಗಳು ಪಟ್ಟಿಗೆ ತಡವಾಗಿ ಸೇರುತ್ತವೆ.

ಟ್ರ್ಯಾಕಿಂಗ್ ಸಂಖ್ಯೆಯನ್ನು ತಪ್ಪಾಗಿ ಬರೆದುಕೊಂಡಿದ್ದೇನೆಯೇ ಎಂದು ಪತ್ತೆಹಚ್ಚುವ ಉಪಾಯವಿದೆಯೇ?

ಇದೆ. ಅಂಚೆ ಕೋಡಿಗಿಲ್ಲದ ಪರಿಶೀಲನಾ ಅಂಕಿ ಇದಕ್ಕಿದೆ. ಅಂತಾರಾಷ್ಟ್ರೀಯ ಅಂಚೆ ಸಂಖ್ಯೆಯಲ್ಲಿ ಒಟ್ಟು 13 ಸ್ಥಾನಗಳು: ಎರಡು ಅಕ್ಷರ, ಎಂಟು ಅಂಕಿ, ಒಂದು ಪರಿಶೀಲನಾ ಅಂಕಿ, ಕೊನೆಗೆ ದೇಶದ ಎರಡಕ್ಷರ. ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಬೇಕು. ಮೊತ್ತವನ್ನು 11ರಿಂದ ಭಾಗಿಸಿ ಉಳಿದ ಶೇಷವನ್ನು 11ರಿಂದ ಕಳೆಯಬೇಕು. ಉತ್ತರ 10 ಬಂದರೆ 0, 11 ಬಂದರೆ 5 ಎಂದು ಹಿಡಿಯಬೇಕು. 12345678 ಎಂಬುದಕ್ಕೆ ಮೊತ್ತ 204, ಶೇಷ 6, ಪರಿಶೀಲನಾ ಅಂಕಿ 5. ಆದುದರಿಂದ ‘ಆರ್‌ಆರ್ 123456785 ಐಎನ್’ ರೂಪದಲ್ಲಿ ಸರಿಯಾದ ಸಂಖ್ಯೆ.

ಪಾರ್ಸೆಲ್ ವಾಪಸು ಬಂದಿದೆ. ಮೇಲೆ ಫ್ರೆಂಚ್ ಪದಗಳಿರುವ ಚೀಟಿ ಅಂಟಿಸಿದ್ದಾರೆ. ಏನೆಂದು ತಿಳಿಯಬೇಕು?

ವಿಶ್ವ ಅಂಚೆ ಒಕ್ಕೂಟದ ಅಧಿಕೃತ ಭಾಷೆ ಫ್ರೆಂಚ್ ಆದುದರಿಂದ ಸಿಎನ್15 ಎಂಬ ಆ ಚೀಟಿಯಲ್ಲಿ ಕಾರಣಗಳು ಆ ಭಾಷೆಯಲ್ಲಿರುತ್ತವೆ; ಅವುಗಳ ಎದುರಿನ ಚೌಕದಲ್ಲಿ ಗುರುತು ಹಾಕಿರುತ್ತಾರೆ. ‘ಆಂಕೊನ್ಯೂ’ ಎಂದರೆ ಆ ವಿಳಾಸದಲ್ಲಿ ಆ ಹೆಸರಿನವರಿಲ್ಲ; ಆಗ ‘ಕೇರ್ ಆಫ್’ ಹೆಸರು ಬಿಟ್ಟುಹೋಗಿದೆಯೇ ನೋಡಬೇಕು, ಏಕೆಂದರೆ ಬಾಡಿಗೆಗೆ ಇರುವವರ ಹೆಸರು ಅಂಚೆಪೆಟ್ಟಿಗೆಯ ಮೇಲೆ ಎಷ್ಟೋ ಸಲ ಇರುವುದಿಲ್ಲ. ‘ಅದ್ರೆಸ್ ಆಂಸ್ಯುಫಿಸಾಂತ್’ ಎಂದರೆ ವಿಳಾಸ ಸಾಲದು. ಹೆಚ್ಚಾಗಿ ಅಪಾರ್ಟ್‌ಮೆಂಟ್ ಸಂಖ್ಯೆ ಇಲ್ಲದಾಗ ಇದು ಬರುತ್ತದೆ. ‘ನೊಂ ರೆಕ್ಲಾಮೆ’ ಎಂದರೆ ವಿಳಾಸ ಸರಿಯಿದ್ದರೂ ಪಡೆಯುವವರು ಅಂಚೆ ಕಚೇರಿಗೆ ಹೋಗಿ ಬಿಡಿಸಿಕೊಳ್ಳಲಿಲ್ಲ. ‘ರೆಫ್ಯುಜೆ’ ಎಂದರೆ ಬೇಡವೆಂದರು. ಕೊನೆಯ ಎರಡರಲ್ಲಿ ವಿಳಾಸವನ್ನು ತಿದ್ದಿ ಮತ್ತೆ ಕಳುಹಿಸುವುದರಿಂದ ಪ್ರಯೋಜನವಿಲ್ಲ, ಮೊದಲು ಅವರಿಗೆ ಫೋನ್ ಮಾಡಬೇಕು. ಮತ್ತೆ ಕಳುಹಿಸುವಾಗ ಹಳೆಯ ಲೇಬಲ್, ಬಾರ್‌ಕೋಡ್, ಈ ಚೀಟಿ ಮೂರನ್ನೂ ಕಿತ್ತು ಅಥವಾ ಪೂರ್ತಿ ಮುಚ್ಚಿ, ಸಿಎನ್22 ಅಥವಾ ಸಿಎನ್23 ಕಸ್ಟಮ್ಸ್ ಫಾರಂನಲ್ಲೂ ಹೊಸ ವಿಳಾಸವನ್ನೇ ಅಕ್ಷರಶಃ ಬರೆಯಬೇಕು.